ಸಾಯಂಕಾಲ ಆದ್ಮೇಲೆ ಬೀಗ ಬೀಳೋ ಸರ್ಕಾರಿ ವರ್ಕ್‌ಶಾಪ್: ದುಡಿಯೋರು ಕಲಿಯೋದು ಯಾವಾಗ?

ಲೇಥ್ ಮೇಷ್ಟ್ರು:

ಎಲ್ರಿಗೂ ನಮಸ್ಕಾರ. ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ವರ್ಕ್‌ಶಾಪ್ ನೋಡ್ಕೊತೀನಿ, 22 ವರ್ಷ ಆಯ್ತು. ಹೋದ ತಿಂಗಳು ನಡೆದದ್ದು ಒಂದು ತಲೆಯಿಂದ ಹೋಗ್ತಾನೇ ಇಲ್ಲ ಅದಕ್ಕೆ ಬರೀತಿದೀನಿ.

ನಾಲ್ಕೂವರೆಗೆ ಶಟರ್ ಎಳೆದು ಬೀಗ ಹಾಕ್ತಿದ್ದೆ, ಗೇಟ್ ಹತ್ರ ಒಬ್ರು ನಿಂತಿದ್ರು. ಮೂವತ್ತೈದರ ಆಸುಪಾಸು ವಯಸ್ಸು, ನಮ್ಮ ಕಾಲೇಜಿನ ಎದುರಿಗೇ ಗ್ರಿಲ್ಲು, ಟ್ರ್ಯಾಕ್ಟರ್ ಟ್ರೈಲರ್ ಮಾಡೋ ಶೆಡ್‌ನಲ್ಲಿ ವೆಲ್ಡರ್. ಕೈಯಲ್ಲಿ ಒಂದು ಡ್ರಾಯಿಂಗ್, ಮಡಚಿ ಮಡಚಿ ಮಡಿಕೆ ಹತ್ರ ಹರಿದೇ ಹೋಗಿತ್ತು. "ಸಾರ್ ಈ ಸೊನ್ನೆಗೆ ಅಡ್ಡಗೆರೆ ಎಳೆದಿದಾರಲ್ಲ ಅದೇನು, ಅದರ ಪಕ್ಕ ಪ್ಲಸ್ಸು ಮೈನಸ್ಸು ಹಾಕಿ ಸಣ್ಣ ನಂಬರ್ ಬರೆದಿದಾರಲ್ಲ ಅದೇನು" ಅಂತ ಕೇಳಿದ್ರು. ಡಯಾಮೀಟರ್ ಗುರುತು ಮತ್ತೆ ಟಾಲರೆನ್ಸು, ಅಂದ್ರೆ ಅಳತೆ ಎಷ್ಟು ಹೆಚ್ಚು ಕಮ್ಮಿ ಆದ್ರೂ ನಡೆಯುತ್ತೆ ಅನ್ನೋದು. ಹದಿನಾಲ್ಕು ವರ್ಷದಿಂದ ಕಬ್ಬಿಣದ ಕೆಲಸ ಮಾಡ್ತಿರೋ ಮನುಷ್ಯ, ಕೈ ಬಹಳ ಚೆನ್ನಾಗಿದೆ, ನಾನೇ ಅವರ ವೆಲ್ಡಿಂಗ್ ನೋಡಿದೀನಿ, ಆದ್ರೆ ಡ್ರಾಯಿಂಗ್ ಓದೋದನ್ನ ಯಾರೂ ಹೇಳಿಕೊಟ್ಟಿಲ್ಲ. ಅಲ್ಲೇ ಗೇಟ್ ಹತ್ರ ನಿಂತು ಹೇಳಿಕೊಟ್ಟೆ, ಇಪ್ಪತ್ತು ನಿಮಿಷಕ್ಕೆ ಅರ್ಥ ಮಾಡ್ಕೊಂಡ್ರು. ಆಮೇಲೆ ಕೇಳಿದ್ರು, "ನಾನು ಎಸ್ಸೆಸ್ಸೆಲ್ಸಿ ಪಾಸು ಸಾರ್, ಇಲ್ಲಿ ಸೇರ್ಕೊಬೋದಾ, ಆರು ಗಂಟೆ ಮೇಲೆ ಬರ್ತೀನಿ, ಫೀಸು ಕಟ್ತೀನಿ". ನನ್ನ ಹತ್ರ ಉತ್ತರ ಇರ್ಲಿಲ್ಲ. ಬೀಗ ಹಾಕಿದ ಶಟರ್ ಹಿಂದೆ 12 ಲೇಥ್, ಎರಡು ಮಿಲ್ಲಿಂಗ್ ಮೆಷಿನ್, ಕಂಪ್ಯೂಟರ್‌ನಿಂದ ನಡೆಯೋ ಒಂದು ಸಿಎನ್‌ಸಿ ಕಲಿಕೆ ಮೆಷಿನ್ ಮಾರನೇ ದಿನ ಬೆಳಿಗ್ಗೆ ಒಂಬತ್ತೂವರೆ ತನಕ ಸುಮ್ನೆ ನಿಂತಿರುತ್ವೆ.

ನೋಡಿ, ವಯಸ್ಸು ಅಡ್ಡಿ ಅಲ್ಲ, ಐಟಿಐಗೆ ಮೇಲಿನ ವಯೋಮಿತಿನೇ ಇಲ್ಲ. ಸರ್ಕಾರಿ ಫೀಸು ಕೂಡ ದುಡಿಯೋರಿಗೆ ಭಾರ ಅಲ್ಲ. ಅಡ್ಡ ಬರ್ತಿರೋದು ಟೈಮು. ಹೆಂಡ್ತಿ ಮಕ್ಕಳು ಇರೋರು ದಿನಗೂಲಿ ಬಿಟ್ಟು ಮೂರು ವರ್ಷ ಹಗಲು ಹೊತ್ತು ಬಂದು ಕೂರಕ್ಕಾಗಲ್ಲ. ನಮ್ಮ ಪಾಲಿಟೆಕ್ನಿಕ್, ಐಟಿಐಗಳನ್ನ ಹದಿನಾರು ವರ್ಷದ ಹುಡುಗರಿಗೆ ಅಂತ ಮಾತ್ರ ಕಟ್ಟಿಬಿಟ್ಟಿದೀವಾ? ನಿಮ್ಮೂರಲ್ಲಿ ಹೇಗಿದೆ ಹೇಳಿ.

ಟೂಲ್‌ರೂಮ್ 94:

ಮೇಷ್ಟ್ರೇ, ಮೊದಲಿಂದ ಹೀಗೇ ಇರ್ಲಿಲ್ಲ. ನಾನು ಜಿಟಿಟಿಸಿಯಲ್ಲಿ, ಅಂದ್ರೆ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರದಲ್ಲಿ, ಟೂಲ್ ಅಂಡ್ ಡೈ ಮೇಕಿಂಗ್ ಮಾಡಿದ್ದು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್‌ನಲ್ಲಿ ಶುರು ಮಾಡಿದ್ದು ಅದು. ಎಸ್ಸೆಸ್ಸೆಲ್ಸಿ ಆದ್ಮೇಲೆ ಮೂರು ವರ್ಷ ಅಲ್ಲಿ, ಆಮೇಲೆ ಒಂದು ವರ್ಷ ಫ್ಯಾಕ್ಟರಿಯಲ್ಲಿ. ಮೊದಲನೇ ವರ್ಷ ಅರ ಹಿಡ್ಕೊಂಡು ಒಂದು ಕಬ್ಬಿಣದ ತುಂಡನ್ನ ರೈಟ್ ಆಂಗಲ್‌ಗೆ ತರೋದು, ಟ್ರೈ ಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿದ್ರೆ ಸಂದಿಯಲ್ಲಿ ಬೆಳಕು ಕಾಣಬಾರದು, ಕಂಡ್ರೆ ಮತ್ತೆ ಮೊದಲಿಂದ. ಅಂಗೈ ಬೊಬ್ಬೆ ಬಂದು ಒಡೆದು ಗಟ್ಟಿಯಾಗೋದು. ಆದ್ರೆ ಆ ಟೂಲ್‌ರೂಮ್‌ಗೆ ಹೊರಗಿನ ಕಂಪನಿಗಳ ಆರ್ಡರ್ ಬರ್ತಿತ್ತು, ನಾವು ಕಲಿತಾ ಇದ್ದಿದ್ದು ನಿಜವಾದ ಜಾಬ್ ಮೇಲೆ. ಕೆಡಿಸಿದ್ರೆ ಗಿರಾಕಿಗೆ ನಷ್ಟ. ಆ ಭಯದಲ್ಲೇ ಕೈ ಪಳಗಿತು.

ಬೆಂಗಳೂರಲ್ಲಿ ಎಸ್‌ಜೆ ಪಾಲಿಟೆಕ್ನಿಕ್ ನೋಡಿರ್ತೀರ, 1943ರಲ್ಲಿ ಶುರುವಾದಾಗ ಅದರ ಹೆಸರು ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಅಂತ, ಸರ್ ಎಂವಿ ಅವರ ಮುತುವರ್ಜಿಯಿಂದ ಆದದ್ದು. ಹೆಸರಲ್ಲೇ ಕಸುಬು ಇದೆ. ಹಾಗೇ ನಮ್ಮ ಕಡೆ ಎಷ್ಟೋ ಹಿರಿಯರು ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್‌ನಲ್ಲಿ ಡಿಪ್ಲೊಮಾ ಮೇಲೆ ಕೆಲಸಕ್ಕೆ ಸೇರ್ಕೊಂಡು ಶಿಫ್ಟ್ ಮುಗಿಸಿ ಕೆ.ಆರ್. ಸರ್ಕಲ್‌ನ ಯುವಿಸಿಇಗೆ ಇಲ್ಲಾಂದ್ರೆ ಬಸವನಗುಡಿ ಬಿಎಂಎಸ್‌ಗೆ ಈವ್ನಿಂಗ್ ಬಿಇಗೆ ಹೋಗ್ತಿದ್ರು. ನಮ್ಮ ಚಿಕ್ಕಪ್ಪ ಹಂಗೇ ಇಂಜಿನಿಯರ್ ಆಗಿದ್ದು, ಫ್ಯಾಕ್ಟರಿ ಬಸ್ಸಲ್ಲಿ ಟಿಫನ್ ಡಬ್ಬಿ ಜೊತೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕ. ಸಾಯಂಕಾಲದ ಕ್ಲಾಸು ನಮಗೆ ಹೊಸದೇನಲ್ಲ, ಬೆಂಗಳೂರು ದಾಟಿ ತಾಲೂಕಿಗೆ ಬರ್ಲಿಲ್ಲ ಅಷ್ಟೇ.

ಫ್ರೀಮಾಂಟ್ ಅಕ್ಕ:

ಈ ಚರ್ಚೆ ಓದಿ ಕಣ್ಣಲ್ಲಿ ನೀರು ಬಂತು ಮೇಷ್ಟ್ರೇ. ನಾನು ಹಾಸನದವಳು, ಮದುವೆ ಆಗಿ ಕ್ಯಾಲಿಫೋರ್ನಿಯಾಗೆ ಬಂದು ಬಹಳ ವರ್ಷ ಮನೇಲೇ ಇದ್ದೆ. ಇಲ್ಲಿ ಫ್ರೀಮಾಂಟ್‌ನಲ್ಲಿ ಓಲೋನಿ ಕಾಲೇಜ್ ಅಂತ ಸರ್ಕಾರಿ ಕಮ್ಯುನಿಟಿ ಕಾಲೇಜಿದೆ, ಮೂವತ್ತೆಂಟನೇ ವಯಸ್ಸಲ್ಲಿ ಅಲ್ಲಿ ಅಕೌಂಟಿಂಗ್ ಸೇರ್ಕೊಂಡೆ. ಎಂಟ್ರೆನ್ಸ್ ಪರೀಕ್ಷೆ ಇಲ್ಲ. ನನ್ನ ಪಕ್ಕ ಕೂರ್ತಿದ್ದವನು ಹದಿನೆಂಟರ ಹುಡುಗ, ಮುಂದೆ ಕೂರ್ತಿದ್ದವರು ಅರವತ್ತರ ಹತ್ರದ ಫಿಲಿಪೀನ್ಸ್‌ನ ಅಮ್ಮ, ಯಾರೂ ಯಾರನ್ನೂ ವಿಚಿತ್ರವಾಗಿ ನೋಡ್ತಿರ್ಲಿಲ್ಲ.

ಇದರ ಕಥೆ ಸ್ವಲ್ಪ ಹೇಳ್ತೀನಿ ಯಾಕಂದ್ರೆ ಇದೂ ಒಂದೇ ದಿನಕ್ಕೆ ಆಗಿದ್ದಲ್ಲ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್ ಅನ್ನೋ ಊರಿನ ಹೈಸ್ಕೂಲ್‌ನಲ್ಲೇ ಆರು ಜನ ಮಕ್ಕಳಿಗೆ ಕಾಲೇಜಿನ ಮೊದಲೆರಡು ವರ್ಷದ ಪಾಠ ಶುರು ಮಾಡಿದ್ರು, ಇವತ್ತಿಗೂ ನಡೀತಿರೋ ಸರ್ಕಾರಿ ಕಮ್ಯುನಿಟಿ ಕಾಲೇಜುಗಳಲ್ಲಿ ಅದೇ ಅತಿ ಹಳೇದು. ಯುದ್ಧ ಮುಗಿದ ಮೇಲೆ 1947ರಲ್ಲಿ ಅಧ್ಯಕ್ಷ ಟ್ರೂಮನ್ ನೇಮಿಸಿದ್ದ ಆಯೋಗ ಇಂಥ ಕಾಲೇಜು ಊರೂರಿಗೂ ಬೇಕು ಅಂತ ಹೇಳ್ತು, ಕಮ್ಯುನಿಟಿ ಕಾಲೇಜು ಅನ್ನೋ ಹೆಸರು ಎಲ್ಲರ ಬಾಯಿಗೆ ಬಂದಿದ್ದು ಆಗ. 1960ರಲ್ಲಿ ಕ್ಯಾಲಿಫೋರ್ನಿಯಾ ಒಂದು ಮಾಸ್ಟರ್ ಪ್ಲಾನ್ ಮಾಡ್ತು, ಮಾರ್ಕ್ಸ್‌ನಲ್ಲಿ ತೀರಾ ಮುಂದಿರೋ ಎಂಟನೇ ಒಂದು ಭಾಗ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ, ಮೇಲಿನ ಮೂರನೇ ಒಂದು ಭಾಗ ಸ್ಟೇಟ್ ಕಾಲೇಜುಗಳಿಗೆ, ಕಮ್ಯುನಿಟಿ ಕಾಲೇಜು ಮಾತ್ರ ಕಲಿಯೋ ಆಸೆ ಇರೋ ಎಲ್ಲರಿಗೂ. ಈಗ ಈ ರಾಜ್ಯ ಒಂದರಲ್ಲೇ 116 ಇದಾವೆ. ಇಲ್ಲೇ ವಾಸ ಇರೋರಿಗೆ ಒಂದು ಯೂನಿಟ್‌ಗೆ (ಕ್ಲಾಸುಗಳನ್ನ ಯೂನಿಟ್ ಲೆಕ್ಕದಲ್ಲಿ ಎಣಿಸ್ತಾರೆ) 46 ಡಾಲರ್, ಬಡವರಿಗೆ ಅದೂ ಮಾಫಿ. 60 ಯೂನಿಟ್ ಮುಗಿಸಿದ್ರೆ ಯೂನಿವರ್ಸಿಟಿಯ ಮೂರನೇ ವರ್ಷಕ್ಕೆ ಹೋಗ್ಬೋದು, ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆರು ಕ್ಯಾಂಪಸ್‌ಗಳು ಇಂತಿಷ್ಟು ಮಾರ್ಕ್ಸು, ಇಂತಿಂಥ ಸಬ್ಜೆಕ್ಟು ಮುಗಿಸಿದ್ರೆ ಸೀಟು ಗ್ಯಾರಂಟಿ ಅಂತ ಬರೆದೇ ಕೊಡ್ತವೆ. ನರ್ಸಿಂಗ್, ವೆಲ್ಡಿಂಗ್, ಕಾರ್ ಮೆಕ್ಯಾನಿಕ್ ಕೆಲಸ ಎಲ್ಲಾನೂ ಇಂಥ ಕಾಲೇಜುಗಳಲ್ಲೇ ಕಲಿಸ್ತಾರೆ, ರಾತ್ರಿ ಒಂಬತ್ತೂವರೆ ತನಕ ಲ್ಯಾಬ್ ದೀಪ ಉರೀತಿರುತ್ತೆ.

ನಿಮ್ಮ ವೆಲ್ಡರ್ ಅಣ್ಣ ಇಲ್ಲಿ ಇದ್ದಿದ್ರೆ ಅವತ್ತೇ ರಾತ್ರಿ ಬ್ಲೂಪ್ರಿಂಟ್ ರೀಡಿಂಗ್ ಅಂತ ಒಂದೇ ಒಂದು ಕ್ಲಾಸಿಗೆ ಹೆಸರು ಬರೆಸ್ಬೋದಿತ್ತು. ಒಂದೇ ಕ್ಲಾಸಿಗೆ. ಪೂರ್ತಿ ಕೋರ್ಸಿಗೆ ಸೇರ್ಲೇಬೇಕು ಅಂತಿಲ್ಲ.

ಗೋಕುಲ್ ರೋಡ್:

ಅಕ್ಕಾರ, ನೀವು ಹೇಳಿದ್ದು ಖರೇನ ಐತ್ರಿ, ಆದ್ರ ಅಮೆರಿಕಾದ ದೀಪ ನೋಡಿ ನಮ್ಮಲ್ಲಿ ಹಚ್ಚಾಕ ಹೋದ್ರ ಎಣ್ಣಿ ಎಲ್ಲಿಂದ ತರೂದು ಅನ್ನೂದು ನನ್ನ ಪ್ರಶ್ನೆ. ನಾನು ಹುಬ್ಬಳ್ಳ್ಯಾಗ ಸಣ್ಣ ಮಷಿನ್ ಶಾಪ್ ನಡಸ್ತೀನಿ, ಮೊದಲ ಐದು ವರ್ಷ ಐಟಿಐ ಒಳಗ ಗೆಸ್ಟ್ ಅಂತ ಪಾಠ ಮಾಡೀನಿ. ಪಗಾರ ಆರಾರು ತಿಂಗಳ ಬರ್ತಿರಲಿಲ್ಲ. ಮನಿ ಬಾಡಿಗಿ ಕಟ್ಟಾಕ ಆಗದ ಬಿಟ್ಟು ಬಂದೆ, ಹುಡುಗರ್ನ ಬಿಟ್ಟು ಬರೂವಾಗ ಆದ ಸಂಕಟ ಇನ್ನೂ ಹೋಗಿಲ್ರಿ.

ಕಮ್ಯುನಿಟಿ ಕಾಲೇಜ್ ಅನ್ನೂ ಹೆಸರು ನಮ್ಮ ದೇಶಕ್ಕೂ ಬಂದಿತ್ತು. 2013ರ ಫೆಬ್ರವರಿಯೊಳಗ ದಿಲ್ಲ್ಯಾಗ ದೊಡ್ಡ ಸಮ್ಮೇಳನ ಆತು, 200 ಕಮ್ಯುನಿಟಿ ಕಾಲೇಜ್ ಶುರು ಮಾಡ್ತೀವಿ ಅಂದ್ರು, ಕಟ್ಟಡ ಹೊಸಾದು ಬ್ಯಾಡ, ಇದ್ದ ಕಾಲೇಜು ಪಾಲಿಟೆಕ್ನಿಕ್ ಒಳಗ ನಡಸೂದು ಅಂತ. ಆಮ್ಯಾಲ ನಮ್ಮ ಕಡೆ ಯಾರ್ನ ಕೇಳಿದ್ರೂ ಹಂಗಂದ್ರ ಏನ್ರೀ ಅಂತಾರ. ಹೆಸರು ಬಂತು, ಮಂದಿ ಬಾಯಿಗೆ ಮುಟ್ಟಲಿಲ್ಲ.

ಇನ್ನ ಮಷಿನ್ ವಿಷಯ. ನಮ್ಮ ರಾಜ್ಯದಾಗ 150 ಸರ್ಕಾರಿ ಐಟಿಐ ಟಾಟಾ ಟೆಕ್ನಾಲಜೀಸ್ ಜೋಡಿ ಸೇರಿ ಮ್ಯಾಲ ತಂದಾರ, 4,636 ಕೋಟಿ ರೂಪಾಯಿ ಲೆಕ್ಕ, 2022ರ ಜೂನ್ ಒಳಗ ಪ್ರಧಾನಿಗಳು ಉದ್ಘಾಟನೆ ಮಾಡಿದ್ರು. ನಾನು ಅದನ್ನ ಬೈಯಾಂವಲ್ಲ. ಭಾಳ ಚೊಲೊ ಕೆಲಸ ಅದು. ರೋಬೋಟ್, ಐದು ಆಕ್ಸಿಸ್ ಮಷಿನ್ ಅಂತ ನಮ್ಮ ಹಳ್ಳಿ ಹುಡುಗರು ಕಣ್ಣಿಲೆ ನೋಡ್ತಿರೂದ ಮೊದಲ ಸಲ. ಆದ್ರ ಅಷ್ಟು ಛಲೋ ಮಷಿನ್ ದಿನಕ್ಕ ಆರು ತಾಸು ಅಷ್ಟ ತಿರಗ್ತಾವ ಅಂದ್ರ ಹೊಟ್ಟಿ ಉರೀತೈತಿ. ನನ್ನ ಶಾಪಿನ ಮಷಿನ್ ಎರಡು ಪಾಳಿ ಓಡಲಿಲ್ಲಂದ್ರ ಬ್ಯಾಂಕಿನ ಕಂತು ಕಟ್ಟಾಕ ಆಗೂದಿಲ್ಲ. ಸರ್ಕಾರದ ಮಷಿನ್ನೂ ಜನರ ರೊಕ್ಕದ್ದ ಅಲ್ರೀ?

ಹಂಗಂತ ಈಗ ಇದ್ದ ಮಾಸ್ತರ್ ಮ್ಯಾಲ ಸಂಜಿ ಪಾಳಿನೂ ಹಾಕಿದ್ರ ಅವರು ಸತ್ತ ಹೋಗ್ತಾರ. ಮೊದಲು ಖಾಲಿ ಹುದ್ದೆ ತುಂಬ್ರಿ, ಪಗಾರ ತಿಂಗಳಾ ತಿಂಗಳಾ ಕೊಡ್ರಿ, ಆಮ್ಯಾಲ ಸಂಜಿ ಕ್ಲಾಸ್.

ಫ್ರೀಮಾಂಟ್ ಅಕ್ಕ:

ಗೋಕುಲ್ ರೋಡ್ ಅಣ್ಣ, ನೀವು ಹೇಳಿದ್ದು ಸರಿ, ಇಲ್ಲಿನ ಕೊರತೆನೂ ನಾನು ಹೇಳ್ಬೇಕಿತ್ತು. ಇಲ್ಲೂ ಪಾಠ ಮಾಡೋರಲ್ಲಿ ಬಹಳ ಜನ ಪಾರ್ಟ್ ಟೈಮ್, ಒಂದೇ ದಿನ ಎರಡು ಮೂರು ಕಾಲೇಜಿಗೆ ಕಾರಲ್ಲಿ ಓಡಾಡ್ತಾರೆ. ದೇಶದ ಲೆಕ್ಕ ತಗೊಂಡ್ರೆ ಸೇರೋವಾಗ ಹತ್ತರಲ್ಲಿ ಎಂಟು ಜನ ಮುಂದೆ ಡಿಗ್ರಿ ಮಾಡ್ತೀವಿ ಅಂತಾನೇ ಬರ್ತಾರೆ, ಆರು ವರ್ಷದಲ್ಲಿ ಡಿಗ್ರಿ ಕೈಗೆ ಬರೋದು ಇಬ್ರಿಗೂ ಇಲ್ಲ. ಮೊದಲೆಲ್ಲ ಸೇರಿದ ತಕ್ಷಣ ಒಂದು ಟೆಸ್ಟ್ ಕೊಟ್ಟು ಲೆಕ್ಕ ಬರಲ್ಲ ಅಂತ ಹೈಸ್ಕೂಲ್ ಮಟ್ಟದ ಗಣಿತಕ್ಕೆ ಹಾಕ್ತಿದ್ರು, ಅದಕ್ಕೆ ಕ್ರೆಡಿಟ್ ಇಲ್ಲ, ಅಲ್ಲೇ ಎರಡು ಮೂರು ಸೆಮಿಸ್ಟರ್ ಸುತ್ತಿ ಸುತ್ತಿ ಬೇಜಾರಾಗಿ ಬಿಟ್ಟು ಹೋಗೋರೇ ಜಾಸ್ತಿ. ಕ್ಯಾಲಿಫೋರ್ನಿಯಾದಲ್ಲಿ 2017ರಲ್ಲಿ ಕಾನೂನು ತಂದು ಅದನ್ನ ಬಹಳಷ್ಟು ಕಡಿಮೆ ಮಾಡಿದ್ರು. ಬಾಗಿಲು ತೆರೆದಿಟ್ರೂ ಒಳಗೆ ಕೈ ಹಿಡಿದು ನಡೆಸೋರು ಬೇಕು, ನಾನೇ ಮೊದಲ ಸೆಮಿಸ್ಟರ್‌ನಲ್ಲಿ ಬಿಟ್ಬಿಡ್ತಿದ್ದೆ, ಒಬ್ಬ ಕೌನ್ಸೆಲರ್ ಮೂರು ಸಲ ಫೋನ್ ಮಾಡಿದ್ದಕ್ಕೆ ಉಳ್ಕೊಂಡೆ.

ಕುಡ್ಲ ವೈರಿಂಗ್:

ಲೆಕ್ಕದ ಮಾತು ಬಂದದ್ದಕ್ಕೆ ನನ್ನದೂ ಹೇಳ್ತೇನೆ. ನಮ್ಮಲ್ಲಿ ಏಣಿ ಇಲ್ಲ ಅಂತ ಯಾರೂ ಹೇಳ್ಬಾರ್ದು, ಏಣಿ ಉಂಟು. ನಾನು ಎಲೆಕ್ಟ್ರಿಷಿಯನ್ ಐಟಿಐ ಮಾಡಿದೆ, ಎರಡು ವರ್ಷ. ಆಮೇಲೆ ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೀದಾ ಸೇರಿದೆ. ಅದು ಮುಗಿಸಿ ಡಿಸಿಇಟಿ, ಅಂದ್ರೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆ, ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ. ಅಪ್ಪ ಮೀನಿನ ಬೋಟಿಗೆ ಹೋಗ್ತಿದ್ದದ್ದು, ಮನೆಯಲ್ಲಿ ಬಿಇ ಆದವರು ನಾನೊಬ್ಬನೇ. ಸರ್ಕಾರದ ದಾರಿ ಇಲ್ಲದಿದ್ರೆ ನಾನು ಇವತ್ತು ಎಲ್ಲಿರ್ತಿದ್ದೆನೋ.

ಆದ್ರೆ ಆ ಏಣಿಯ ಒಂದು ಮೆಟ್ಟಿಲು ಮುರಿದುಹೋಗಿದೆ ಮಾರಾಯ್ರೆ. ಐಟಿಐಯಲ್ಲಿ ನಾನು ಕಲಿತದ್ದು ವರ್ಕ್‌ಶಾಪ್ ಕ್ಯಾಲ್ಕುಲೇಷನ್, ಡಿಪ್ಲೊಮಾ ಎರಡನೇ ವರ್ಷಕ್ಕೆ ಹೋಗಿ ಕೂತ್ರೆ ಇಂಟಿಗ್ರೇಷನ್ ಗೊತ್ತುಂಟು ಅಂತ ಲೆಕ್ಕ ಇಟ್ಟುಕೊಂಡೇ ಪಾಠ ಶುರು ಮಾಡ್ತಾರೆ. ಕನ್ನಡ ಮೀಡಿಯಂನಿಂದ ಬಂದವನಿಗೆ ಪುಸ್ತಕ ಪೂರ್ತಿ ಇಂಗ್ಲಿಷು. ಮೋಟಾರ್ ಬಿಚ್ಚಿ ವೈಂಡಿಂಗ್ ಮಾಡಿ ಕೊಡು ಅಂದ್ರೆ ಕ್ಲಾಸಲ್ಲಿ ನನ್ನಷ್ಟು ಬೇಗ ಮಾಡುವವ ಇರ್ಲಿಲ್ಲ, ಅದೇ ಮೋಟಾರಿನ ಪ್ರಿನ್ಸಿಪಲ್ ಬರಿ ಅಂದ್ರೆ ಪೇಪರ್ ಖಾಲಿ. ನಮ್ಮ ಜೊತೆ ಐಟಿಐಯಿಂದ ಏಳು ಜನ ಬಂದವರಲ್ಲಿ ಮುಗಿಸಿದ್ದು ಮೂರು ಜನ. ಬಿಟ್ಟ ನಾಲ್ಕು ಜನ ದಡ್ಡರಲ್ಲ, ಖಂಡಿತ ಅಲ್ಲ. ಒಂದು ಎರಡು ತಿಂಗಳು ಬೇಸಿಗೆ ರಜೆಯಲ್ಲಿ ಕನ್ನಡದಲ್ಲೇ ಗಣಿತ ಹೇಳಿಕೊಟ್ಟಿದ್ರೆ ಅವರೂ ಆಗ್ತಿದ್ರು.

ಈಗ ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಕೇಂದ್ರದ ಮಂಡಳಿ ಎಐಸಿಟಿಇಯವರ ಕನ್ನಡ ಪುಸ್ತಕಗಳು ಇ-ಕುಂಭ್ ಪೋರ್ಟಲ್‌ನಲ್ಲಿ ಪುಕ್ಕಟೆ ಸಿಗ್ತವೆ, ಡಿಪ್ಲೊಮಾದ್ದೂ ಉಂಟು. ನಾನು ನನ್ನ ಜೂನಿಯರ್‌ಗಳಿಗೆಲ್ಲ ಕಳಿಸ್ತಾ ಇರ್ತೇನೆ. ಇಂಗ್ಲಿಷ್ ಪುಸ್ತಕ ಎಡಕ್ಕೆ, ಕನ್ನಡದ್ದು ಬಲಕ್ಕೆ ಇಟ್ಟುಕೊಂಡು ಓದಿ ಅಂತ ಹೇಳುದು.

ಸಿವಿಲ್ ಡಿಪ್ಲೊಮಾ, ದಾವಣಗೆರೆ:

ನಾನು ಸ್ವಲ್ಪ ಬೇರೆ ಮಾತು ಹೇಳ್ತೀನಿ, ಯಾರೂ ಬೇಜಾರ್ ಮಾಡ್ಕೋಬೇಡಿ. ಎಲ್ರೂ ಸಾಯಂಕಾಲ ಸಾಯಂಕಾಲ ಅಂತಿದೀರ, ಸಾಯಂಕಾಲ ಆರರಿಂದ ಒಂಬತ್ತು ಅಂದ್ರೆ ನನ್ನಂಥೋರಿಗೆ ಆ ಬಾಗಿಲೂ ಮುಚ್ಚಿದ ಹಾಗೇ. ಮಹಿಳಾ ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಓದ್ತಿದ್ದೆ, ನಾಲ್ಕನೇ ಸೆಮಿಸ್ಟರ್ ಮುಗಿಸಿದಾಗ ಮದುವೆ ಮಾಡಿದ್ರು, ಎರಡು ಸೆಮಿಸ್ಟರ್ ಹಂಗೇ ಉಳೀತು. 11 ವರ್ಷ ಆಯ್ತು. ಈಗ ಮಗಳು ನಾಲ್ಕನೇ ಕ್ಲಾಸು, ಹತ್ತರಿಂದ ಮೂರೂವರೆ ತನಕ ನಾನು ಫ್ರೀ. ಸಾಯಂಕಾಲ ಅಂದ್ರೆ ಅಡುಗೆ, ಮಗಳ ಹೋಮ್‌ವರ್ಕು, ಅತ್ತೆ ಮಾತ್ರೆ, ಮತ್ತೆ ರಾತ್ರಿ ಒಂಬತ್ತಕ್ಕೆ ನಮ್ಮ ಹಳ್ಳಿಗೆ ಬಸ್ಸೇ ಇಲ್ಲ.

ಹೋಗಿ ಕೇಳಿದೆ, ಸಿಲಬಸ್ ಸ್ಕೀಮು ಬದಲಾಗಿದೆಯಮ್ಮ, ನಿಮ್ಮ ಹಳೇ ಸಬ್ಜೆಕ್ಟು ಇದಕ್ಕೆ ಹೊಂದಲ್ಲ ಅಂದ್ರು. ಸರ್ವೇಯಿಂಗ್‌ನಲ್ಲಿ ನನಗೆ 88 ಬಂದಿತ್ತು. ಚೈನ್ ಹಿಡಿದು ಬಿಸಿಲಲ್ಲಿ ಓಡಾಡಿದ್ದು, ಥಿಯೊಡೊಲೈಟ್ ಲೆವೆಲ್ ಮಾಡಿದ್ದು ಎಲ್ಲ ನೆನಪಿದೆ ನನಗೆ. ಕಲಿತಿದ್ದು ತಲೇಲಿದೆ, ಕಾಗದದಲ್ಲಿ ಸತ್ತುಹೋಗಿದೆ. ಫ್ರೀಮಾಂಟ್ ಅಕ್ಕ, ನಿಮ್ಮಲ್ಲಿ ಇಂಥದ್ದಕ್ಕೆ ಏನ್ಮಾಡ್ತಾರೆ?

ಫ್ರೀಮಾಂಟ್ ಅಕ್ಕ:

ತಂಗಿ, ಇಲ್ಲಿ ಸಾಮಾನ್ಯವಾಗಿ ಪಾಸಾದ ಕ್ಲಾಸಿನ ಯೂನಿಟ್ ಹಂಗೇ ಉಳಿಯುತ್ತೆ, ಎಷ್ಟೋ ವರ್ಷ ಬಿಟ್ಟು ಬಂದ್ರೂ ಹಳೇ ಟ್ರಾನ್ಸ್‌ಕ್ರಿಪ್ಟ್ ತೆಗೆದು ಅಲ್ಲಿಂದ ಮುಂದುವರೆಸ್ತಾರೆ. ಕೆಲವು ಟೆಕ್ನಿಕಲ್ ಸಬ್ಜೆಕ್ಟಿಗೆ ಹಳೇದಾಯ್ತು ಮತ್ತೆ ಮಾಡು ಅಂತಾರೆ, ಆದ್ರೆ ಪೂರ್ತಿ ಅಳಿಸಲ್ಲ. ನಾನು ಎರಡು ವರ್ಷದ ಕೋರ್ಸನ್ನ ಐದು ವರ್ಷದಲ್ಲಿ ಮಾಡಿದ್ದು, ಒಂದೊಂದ್ಸಲ ಸೆಮಿಸ್ಟರ್‌ಗೆ ಒಂದೇ ಕ್ಲಾಸು, ಮಗ ಸ್ಕೂಲಲ್ಲಿ ಇರೋವಾಗ.

ಪೀಣ್ಯ ಸೆಕೆಂಡ್ ಶಿಫ್ಟ್:

ದಾವಣಗೆರೆಯ ಮೇಡಂ, ಒಂದು ವಿಷಯ ಗಮನಕ್ಕೆ ಇರ್ಲಿ. 2023ರ ಏಪ್ರಿಲ್‌ನಲ್ಲಿ ಕೇಂದ್ರದಿಂದ ನ್ಯಾಷನಲ್ ಕ್ರೆಡಿಟ್ ಫ್ರೇಮ್‌ವರ್ಕ್ ಬಂದಿದೆ, ಸ್ಕೂಲು, ಐಟಿಐ, ಡಿಪ್ಲೊಮಾ, ಡಿಗ್ರಿ, ಕೆಲಸದ ಅನುಭವ ಎಲ್ಲದಕ್ಕೂ ಕ್ರೆಡಿಟ್ ಕೊಟ್ಟು ಒಂದೇ ಖಾತೆಯಲ್ಲಿ ಇಡೋದು ಅದರ ಉದ್ದೇಶ. ನಿಮ್ಮ ಹಳೇ ನಾಲ್ಕು ಸೆಮಿಸ್ಟರ್‌ಗೆ ಅದು ತಾನಾಗೇ ಅನ್ವಯ ಆಗುತ್ತೆ ಅಂತ ಹೇಳ್ತಿಲ್ಲ. ಆದ್ರೆ ಬರಹದಲ್ಲಿ ಅರ್ಜಿ ಕೊಟ್ಟು ಯಾವ ಸಬ್ಜೆಕ್ಟು ಹೊಂದುತ್ತೆ ಯಾವುದು ಹೊಂದಲ್ಲ ಅಂತ ಬರಹದಲ್ಲೇ ಉತ್ತರ ಕೇಳಿ. ಬಾಯಿ ಮಾತಿಗೆ ವಾಪಸ್ ಬರ್ಬೇಡಿ.

ಮೇಷ್ಟ್ರಿಗೆ: ಎಐಸಿಟಿಇ 2023-24ರಿಂದ ಕೆಲಸ ಮಾಡೋರಿಗೆ ಅಂತಾನೇ ಡಿಪ್ಲೊಮಾ, ಬಿಇ ಬ್ಯಾಚು ನಡೆಸೋಕೆ ಕಾಲೇಜುಗಳಿಗೆ ಅವಕಾಶ ಕೊಟ್ಟಿದೆ, ಟೈಮಿಂಗ್ ಕಾಲೇಜೇ ಹೊಂದಿಸಿಕೊಳ್ಬೋದು. ನಮ್ಮ ಯೂನಿಟ್‌ನ ಇಬ್ಬರನ್ನ ಸೇರಿಸೋಕೆ ಹೋದಾಗ ಗೊತ್ತಾಗಿದ್ದು ಏನಂದ್ರೆ ಎರಡನೇ ವರ್ಷಕ್ಕೆ ಸೇರಿಸೋದ್ರಿಂದ ಕೆಳಗಡೆ ಐಟಿಐ ಅಥವಾ ಪಿಯು ಇರ್ಬೇಕು, ರೆಗ್ಯುಲರ್ ಕೆಲಸದಲ್ಲಿ ಇದೀನಿ ಅನ್ನೋ ಪುರಾವೆ ಬೇಕು. ನಿಮ್ಮ ಎದುರಿನ ಶೆಡ್‌ನಲ್ಲಿ ಯಾರಿಗೆ ಅಪಾಯಿಂಟ್‌ಮೆಂಟ್ ಲೆಟರ್ ಇರುತ್ತೆ ಹೇಳಿ? ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಶನಿವಾರ ಕವರ್‌ನಲ್ಲಿ ಸಂಬಳ. ನಿಜವಾಗಿ ಬೇಕಾಗಿರೋರಿಗೇ ಆ ದಾರಿ ಸಿಗಲ್ಲ. ಆ ವೆಲ್ಡರ್ ಅವರಿಗೆ ಇನ್ನೊಂದು ದಾರಿ ಇದೆ, ಮೂರು ವರ್ಷ ಆ ಟ್ರೇಡ್‌ನಲ್ಲಿ ಅನುಭವ ಇರೋರು ಖಾಸಗಿ ಅಭ್ಯರ್ಥಿಯಾಗಿ ಐಟಿಐನ ಅಖಿಲ ಭಾರತ ಟ್ರೇಡ್ ಪರೀಕ್ಷೆ ಬರೀಬೋದು, ಪಾಸಾದ್ರೆ ಎನ್‌ಟಿಸಿ, ಅಂದ್ರೆ ಐಟಿಐ ಮುಗಿಸಿದೋರಿಗೆ ಕೊಡೋ ಸರ್ಟಿಫಿಕೇಟು, ಸಿಗುತ್ತೆ, ಅದು ಕೈಗೆ ಬಂದ್ರೆ ಕುಡ್ಲದ ಅಣ್ಣ ಹೇಳಿದ ಏಣಿಗೆ ಕಾಲಿಡ್ಬೋದು. ಅನುಭವದ ಪತ್ರ ಶೆಡ್ ಮಾಲೀಕರು ಲೆಟರ್‌ಹೆಡ್‌ನಲ್ಲಿ ಬರೆದು ಕೊಡ್ಬೇಕು, ಅದನ್ನ ನೀವೇ ಹೋಗಿ ಕೇಳಿ ಮೇಷ್ಟ್ರೇ, ನಿಮ್ಮ ಮಾತಿಗೆ ಬೆಲೆ ಇರುತ್ತೆ.

ನಮ್ಮ ಕಷ್ಟ ಹೇಳ್ಬೇಕಂದ್ರೆ, ನಾಲ್ಕು ವಿಎಂಸಿ (ಕಂಪ್ಯೂಟರ್‌ನಿಂದ ನಡೆಯೋ ಮಿಲ್ಲಿಂಗ್ ಮೆಷಿನ್) ಇಟ್ಕೊಂಡಿದೀನಿ, ರಾತ್ರಿ ಪಾಳಿಗೆ ಡ್ರಾಯಿಂಗ್ ಓದಿ ಮೆಷಿನ್‌ಗೆ ಅಳತೆ ಹೊಂದಿಸೋರು ಸಿಗಲ್ಲ. ಬಟನ್ ಒತ್ತೋರು ಸಿಕ್ತಾರೆ. ಮೈಕ್ರೋಮೀಟರ್ ಹಿಡಿದು ಅಳತೆ ತಪ್ಪಾಗಿ ಓದೋರನ್ನ ನಾನೇ ನೋಡಿದೀನಿ. ಬೈಯೋಕೆ ಮನಸ್ಸು ಬರಲ್ಲ, ಅವರಿಗೆ ಯಾರು ಹೇಳಿಕೊಟ್ಟಿದಾರೆ?

ಗೋಕುಲ್ ರೋಡ್:

ಇದ ನೋಡ್ರಿ ಬೇಕಾಗಿದ್ದು, ಖಾಸಗಿ ಅಭ್ಯರ್ಥಿ ವಿಷಯ ಐಟಿಐ ಒಳಗ ಐದು ವರ್ಷ ಇದ್ದ ನಾನ ಮರತಿದ್ದೆ. ನಮ್ಮ ಶಾಪಿನ್ಯಾಗ ಮೂರು ಮಂದಿ ಅದಾರ, ನಾಳೆನ ವಿಚಾರಸ್ತೀನಿ.

ಟೂಲ್‌ರೂಮ್ 94:

ಪೂರ್ತಿ ಡಿಪ್ಲೊಮಾ ಅಂತ ಹೊರಟ್ರೆ ಮಂಜೂರಾತಿ, ಹುದ್ದೆ, ಬಜೆಟ್ ಅಂತ ವರ್ಷಗಟ್ಟಲೆ ಆಗುತ್ತೆ. ಮೊದಲು ಒಂದೇ ಒಂದು ಸಣ್ಣ ಕೋರ್ಸ್ ಮಾಡಿ ಮೇಷ್ಟ್ರೇ, ಡ್ರಾಯಿಂಗ್ ಓದೋದು ಮತ್ತೆ ಅಳತೆ ತೆಗೆಯೋದು. ಭಾನುವಾರ ಬೆಳಿಗ್ಗೆ ಮೂರು ಗಂಟೆ, ಹತ್ತು ವಾರ. ವರ್ನಿಯರ್, ಮೈಕ್ರೋಮೀಟರ್, ಹೈಟ್ ಗೇಜ್, ಫಸ್ಟ್ ಆಂಗಲ್ ಪ್ರೊಜೆಕ್ಷನ್, ಲಿಮಿಟ್ಸ್ ಅಂಡ್ ಫಿಟ್ಸ್. ಲೇಥ್ ಆನ್ ಮಾಡೋ ಹಾಗೇ ಇಲ್ಲ, ಆಗ ಅಪಘಾತದ ಪ್ರಶ್ನೆನೂ ಬರಲ್ಲ, ಕರೆಂಟ್ ಬಿಲ್ಲೂ ಏರಲ್ಲ.

ಲೇಥ್ ಮೇಷ್ಟ್ರು:

ಇಷ್ಟು ಜನ ಇಷ್ಟು ಕಾಳಜಿಯಿಂದ ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ಲಾ ಎರಡೆರಡು ಸಲ ಓದಿದೆ. ದಾವಣಗೆರೆ ಮೇಡಂ ಹೇಳಿದ್ದು ನನಗೆ ತಟ್ಟಿತು, ಸಾಯಂಕಾಲ ಅಂತ ಮಾತ್ರ ಯೋಚಿಸಿದ್ದು ನನ್ನ ತಪ್ಪು. ಭಾನುವಾರ ಬೆಳಿಗ್ಗೆ ಅಂದ್ರೆ ಬಸ್ಸೂ ಇರುತ್ತೆ, ಶೆಡ್‌ಗಳಿಗೂ ರಜೆ.

ನಿನ್ನೆ ಪ್ರಿನ್ಸಿಪಾಲರ ಹತ್ರ ಮಾತಾಡಿದೆ. ಬೇಡ ಅನ್ಲಿಲ್ಲ, ಬರೆದು ಕೊಡಿ ಇಲಾಖೆಗೆ ಕಳಿಸ್ತೀನಿ ಅಂದ್ರು, ಅಲ್ಲಿವರೆಗೆ ಡ್ರಾಯಿಂಗ್ ಹಾಲ್ ಮಾತ್ರ ಬಳಸ್ಕೊಳ್ಳಿ, ವರ್ಕ್‌ಶಾಪ್ ಬೇಡ ಅಂದ್ರು. ಅಟೆಂಡರ್ ಒಬ್ರು ಭಾನುವಾರ ಬರ್ತೀನಿ ಅಂತ ತಾವಾಗೇ ಹೇಳಿದ್ರು. ವೆಲ್ಡರ್ ಅವರಿಗೆ ಫೋನ್ ಮಾಡಿದೆ, ಅವರು ಇನ್ನೂ ನಾಲ್ಕು ಜನರನ್ನ ಕರ್ಕೊಂಡು ಬರ್ತಾರಂತೆ, ಅದರಲ್ಲಿ ಒಬ್ರು ಬೋರ್‌ವೆಲ್ ಮೋಟಾರ್ ರಿಪೇರಿಯವರು, ಒಬ್ಬ ಹುಡುಗ ಐಟಿಐ ಅರ್ಧಕ್ಕೆ ಬಿಟ್ಟವನು. ಶೆಡ್ ಮಾಲೀಕರು ಅನುಭವದ ಪತ್ರ ಕೊಡೋಕೆ ಸ್ವಲ್ಪ ಹಿಂದೆ ಮುಂದೆ ನೋಡ್ತಿದಾರೆ, ಲೇಬರ್ ಆಫೀಸ್‌ನೋರು ಬಂದ್ರೆ ಅಂತ ಭಯ. ಮತ್ತೆ ಹೋಗಿ ಕೂತು ಮಾತಾಡ್ತೀನಿ.

ಸದ್ಯಕ್ಕೆ ನನ್ನ ಹತ್ರ ಕೊರತೆ ಅಂದ್ರೆ ಅಳತೆ ಸಾಮಾನು. ವರ್ನಿಯರ್ ಐದಿದೆ, ಅದರಲ್ಲಿ ಎರಡಕ್ಕೆ ಝೀರೋ ಎರರ್, ಬಾಯಿ ಮುಚ್ಚಿದ್ರೂ ಸೊನ್ನೆ ತೋರಿಸಲ್ಲ. ಕಾಲೇಜಿನ ಮೈಕ್ರೋಮೀಟರ್‌ಗಳು ಸ್ಟೋರ್ ರಿಜಿಸ್ಟರ್‌ನಲ್ಲಿ ಇರೋದ್ರಿಂದ ಭಾನುವಾರ ಹೊರಗೆ ತೆಗೆಯೋಕಾಗಲ್ಲ.

ಪೀಣ್ಯ ಸೆಕೆಂಡ್ ಶಿಫ್ಟ್:

ನಮ್ಮ ಇನ್‌ಸ್ಪೆಕ್ಷನ್‌ನಿಂದ ಹೊರಗೆ ಹಾಕಿರೋ ಮೈಕ್ರೋಮೀಟರ್ ಆರಿದೆ, ಕಂಪನಿ ಆಡಿಟ್‌ಗೆ ಆಗಲ್ಲ ಆದ್ರೆ ಕಲಿಯೋಕೆ ಏನೂ ತೊಂದ್ರೆ ಇಲ್ಲ, ಓದೋದು ಸರಿಯಾಗೇ ತೋರಿಸುತ್ತೆ. ರಿಜೆಕ್ಟ್ ಆದ ಷಾಫ್ಟು, ಬುಷ್ಷು ಒಂದು ಡಬ್ಬ ಕಳಿಸ್ತೀನಿ, ಅದರದ್ದೇ ಡ್ರಾಯಿಂಗ್ ಜೊತೆಗೆ. ಯಾಕೆ ರಿಜೆಕ್ಟ್ ಆಯ್ತು ಅಂತ ಅವರೇ ಅಳೆದು ಕಂಡುಹಿಡೀಲಿ. ಶುಕ್ರವಾರ ನಮ್ಮ ಗಾಡಿ ತುಮಕೂರು ಕಡೆ ಬರುತ್ತೆ, ಎಲ್ಲಿ ಇಳಿಸ್ಬೇಕು ಮೆಸೇಜ್ ಮಾಡಿ.

ಸಿವಿಲ್ ಡಿಪ್ಲೊಮಾ, ದಾವಣಗೆರೆ:

ಇವತ್ತು ಅರ್ಜಿ ಕೊಟ್ಟು ಬಂದೆ. ಸ್ವೀಕೃತಿ ಸೀಲ್ ಹಾಕಿಸ್ಕೊಂಡಿದೀನಿ.